ಅರ್ಜಿಯ ಇಂಗ್ಲಿಷ್: ಯಾವುದನ್ನು ತಿದ್ದಬೇಕು, ಯಾವುದನ್ನು ಹಾಗೆಯೇ ಬಿಡಬೇಕು?

ಪ್ರಶ್ನೆ
ಟೈಪಿಂಗ್ ಅಂಗಡಿಯವರು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಹದಿನಾರು ವರ್ಷಗಳಿಂದ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಕಚೇರಿ ಕೆಲಸಕ್ಕೆಂದು ಬಂದವರು ಬೆಳಗಿನಿಂದ ಸಂಜೆಯವರೆಗೆ ಅಂಗಡಿಗೆ ಬರುತ್ತಲೇ ಇರುತ್ತಾರೆ. ಕನ್ನಡದ ಅರ್ಜಿಗಳಲ್ಲಿ ನನಗೆ ತೊಂದರೆಯಿಲ್ಲ. ವಾಕ್ಯ ಎಲ್ಲಾದರೂ ಎಡವಿದರೆ ಕಿವಿಗೇ ಗೊತ್ತಾಗುತ್ತದೆ, ಅಲ್ಲೇ ತಿದ್ದಿ ಕೊಡುತ್ತೇನೆ. ಆದರೆ ಕೆಲಸದ ಅರ್ಜಿ, ಬಯೋಡೇಟಾ, ಕಂಪನಿಗಳಿಗೆ ಕಳುಹಿಸುವ ಇ-ಮೇಲ್, ಕಾಲೇಜಿನ ರಜಾ ಅರ್ಜಿ ಇವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಅವರು ಹಾಳೆಯಲ್ಲಿ ಬರೆದು ತಂದದ್ದನ್ನು ನಾನು ಇದ್ದ ಹಾಗೆಯೇ ಟೈಪ್ ಮಾಡಿ ಕೊಡುತ್ತಿದ್ದೆ.

ಕಳೆದ ವರ್ಷ ಹೊಸದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ಬಯೋಡೇಟಾ ಮಾಡಿಸಿಕೊಂಡು ಹೋದಳು. ಊರಿನ ಹಾಲಿನ ಡೈರಿಯಲ್ಲಿ ಮೂರು ವರ್ಷ ಲೆಕ್ಕ ಬರೆದ ಅನುಭವ ಆಕೆಗಿತ್ತು. ಆಕೆ ತಂದ ಹಾಳೆಯಲ್ಲಿ ‘ಮಿಲ್ಕ್ ಡೈರಿ’ ಎಂಬುದಕ್ಕೆ ದಿನಚರಿ ಬರೆಯುವ ಪುಸ್ತಕದ ಸ್ಪೆಲಿಂಗ್ ಇತ್ತು. ನಾನೂ ಅದನ್ನೇ ಹೊಡೆದೆ. ಕಂಪ್ಯೂಟರಿನಲ್ಲಿ ಕೆಂಪು ಗೆರೆಯೂ ಬರಲಿಲ್ಲ, ಏಕೆಂದರೆ ಅದೂ ಇಂಗ್ಲಿಷಿನಲ್ಲಿ ಇರುವ ಪದವೇ. ಸಂದರ್ಶನದಲ್ಲಿ ಒಬ್ಬರು ಆ ಸಾಲನ್ನು ಗಟ್ಟಿಯಾಗಿ ಓದಿ ನಕ್ಕರಂತೆ. ಆಕೆ ಅದನ್ನು ನನಗೆ ಹೇಳುವಾಗ ದೂರಲಿಲ್ಲ, ತನ್ನದೇ ತಪ್ಪು ಎಂದಳು. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮೂರು ವರ್ಷ ಪೈಸೆ ಪೈಸೆಗೂ ಲೆಕ್ಕ ಇಟ್ಟವಳ ಅನುಭವ ಒಂದು ಅಕ್ಷರ ಆಚೀಚೆ ಆದದ್ದರಿಂದ ನಗೆಗೆ ಗುರಿಯಾಯಿತು.

ಅಂದಿನಿಂದ ತಿದ್ದಿ ಕೊಡಬೇಕೆಂದು ನಿರ್ಧರಿಸಿದ್ದೇನೆ. ಆದರೆ ಏನನ್ನು ತಿದ್ದಬೇಕೆಂಬುದೇ ಸ್ಪಷ್ಟವಾಗುತ್ತಿಲ್ಲ. ಈ ವಾರ ಬಂದ ಒಂದು ರಜಾ ಅರ್ಜಿಯಲ್ಲಿ ‘ಸಿನ್ಸ್ ಟೂ ಡೇಸ್ ಐ ಆ್ಯಮ್ ಸಫರಿಂಗ್ ಬೈ ಫೀವರ್, ಸೋ ಗ್ರಾಂಟ್ ಮಿ ಲೀವ್ ಸಿನ್ಸ್ ಟುಮಾರೋ’ ಎಂದಿತ್ತು. ತಪ್ಪಿದೆ ಎಂದು ತಿಳಿಯುತ್ತದೆ, ಎಲ್ಲಿ ಎಂದು ಹೇಳಲು ಬರುವುದಿಲ್ಲ. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019’ ಎಂದು ನಾನು ನೂರಾರು ಬಯೋಡೇಟಾಗಳಲ್ಲಿ ಹೊಡೆದಿದ್ದೇನೆ. ಅದು ತಪ್ಪೆಂದು ಮೊನ್ನೆ ಒಬ್ಬ ಹುಡುಗ ಹೇಳಿದ. ಪತ್ರದ ಕೊನೆಯಲ್ಲಿ ಎಲ್ಲರೂ ಬರೆಸುವ ‘ಡೂ ದ ನೀಡ್‌ಫುಲ್’ ಕೂಡ ತಪ್ಪು ಎನ್ನುವವರಿದ್ದಾರೆ, ಸರಿ ಎನ್ನುವವರೂ ಇದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ‘ಸಾಮಾನ್ಯ ತಪ್ಪುಗಳ’ ಪಟ್ಟಿಯನ್ನು ಉರು ಹೊಡೆಯಲು ನೋಡಿದೆ, ನೆನಪಿನಲ್ಲಿ ನಿಲ್ಲಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವನು ಹಿಡಿದುಕೊಳ್ಳಬಹುದಾದ ದಾರಿ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ
ನಿವೃತ್ತ ಪ್ರೌಢಶಾಲಾ ಶಿಕ್ಷಕ, ದಾವಣಗೆರೆ

ನೀವು ಕೊಟ್ಟ ರಜಾ ಅರ್ಜಿಯ ವಾಕ್ಯವನ್ನೇ ಹಿಡಿದು ಹೊರಡುತ್ತೇನೆ, ಏಕೆಂದರೆ ನಮ್ಮ ಮಕ್ಕಳ ಇಂಗ್ಲಿಷ್ ಎಲ್ಲಿ ಎಡವುತ್ತದೆ ಎಂಬುದು ಆ ಒಂದೇ ಸಾಲಿನಲ್ಲಿ ಕಾಣುತ್ತದೆ. ಅದನ್ನು ಬರೆದ ಹುಡುಗನ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ಹೆಚ್ಚು ಕಡಿಮೆ ಹೀಗಿದ್ದಿರಬೇಕು: ‘ಎರಡು ದಿನದಿಂದ ಜ್ವರದಿಂದ ಬಳಲುತ್ತಿರುವುದರಿಂದ ನಾಳೆಯಿಂದ ರಜೆ ಕೊಡಬೇಕಾಗಿ ಕೋರುತ್ತೇನೆ.’ ಇದರಲ್ಲಿ ‘ಇಂದ’ ನಾಲ್ಕು ಸಲ ಬಂದಿದೆ. ಕನ್ನಡದ ಕಿವಿಗೆ ನಾಲ್ಕೂ ಒಂದೇ, ಆದರೆ ಮಾಡುತ್ತಿರುವ ಕೆಲಸ ನಾಲ್ಕು ಬಗೆಯದು. ‘ಎರಡು ದಿನದಿಂದ’ ಎಂಬುದು ಎಷ್ಟು ಕಾಲ ಎಂಬುದನ್ನು ಹೇಳುತ್ತದೆ; ಅದಕ್ಕೆ ಇಂಗ್ಲಿಷಿನಲ್ಲಿ ‘ಫಾರ್’ ಬೇಕು. ‘ಜ್ವರದಿಂದ ಬಳಲು’ ಎಂಬಲ್ಲಿ ‘ಸಫರ್’ ಎಂಬ ಕ್ರಿಯಾಪದ ‘ಫ್ರಮ್’ ಅನ್ನು ಬೇಡುತ್ತದೆ. ‘ಬಳಲುತ್ತಿರುವುದರಿಂದ’ ಎಂಬುದು ಕಾರಣ. ಅದು ‘ಆ್ಯಸ್’ ಅಥವಾ ‘ಬಿಕಾಸ್’ ಆಗುತ್ತದೆ. ‘ನಾಳೆಯಿಂದ’ ಎಂಬುದು ಮುಂದೆ ಶುರುವಾಗುವ ದಿನ. ಅಲ್ಲಿ ‘ಸಿನ್ಸ್’ ಬರಲಾರದು, ‘ಫ್ರಮ್’ ಬರಬೇಕು. ಒಂದೇ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿಯೂ ಒಂದೇ ಪದ ಇರಬೇಕೆಂದು ನಂಬಿದ ಹುಡುಗ ಕಾಲ ಹೇಳುವ ಎರಡೂ ಕಡೆ ‘ಸಿನ್ಸ್’ ಹಾಕಿದ್ದಾನೆ. ಅವನು ಅಜಾಗರೂಕತೆಯಿಂದ ತಪ್ಪು ಮಾಡಿದವನಲ್ಲ, ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನು. ಶಾಲೆಯ ವ್ಯಾಕರಣದಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ನಾವು ಕಲಿತಿದ್ದೆವು; ಬಳಕೆಯ ಕನ್ನಡದಲ್ಲಿ ‘ದೆಸೆಯಿಂದ’ ಬಿಟ್ಟುಹೋಗಿ ಎರಡರ ಹೊರೆಯನ್ನೂ ‘ಇಂದ’ ಒಂದೇ ಹೊರುತ್ತಿದೆ.

ಹಾಗಾಗಿ ‘ಇಂದ’ ಎದುರಾದಾಗ ಒಂದು ಗಳಿಗೆ ನಿಲ್ಲಿ. ಅದನ್ನು ‘ಕಾಲ’ ಎಂದು ಬದಲಾಯಿಸಿ ನೋಡಿ. ‘ಐದು ವರ್ಷದಿಂದ’ ಎಂಬುದನ್ನು ‘ಐದು ವರ್ಷಗಳ ಕಾಲ’ ಎನ್ನಲು ಬರುವುದಾದರೆ ‘ಫಾರ್’ ಹಾಕಿ. ‘2019ರಿಂದ’, ‘ಸೋಮವಾರದಿಂದ’ ಎಂಬಲ್ಲಿ ‘ಕಾಲ’ ಕೂಡುವುದಿಲ್ಲ. ಆ ದಿನ ಆಗಲೇ ಕಳೆದಿದ್ದು ಕೆಲಸ ಇನ್ನೂ ನಡೆಯುತ್ತಿದ್ದರೆ ‘ಸಿನ್ಸ್’, ಆ ದಿನ ಮುಂದೆ ಬರಲಿದ್ದರೆ ‘ಫ್ರಮ್’. ಇಷ್ಟಾದ ಮೇಲೆ ಕ್ರಿಯಾಪದವನ್ನೂ ನೋಡಬೇಕು. ಕನ್ನಡದಲ್ಲಿ ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂದರೆ ಸಾಕು, ಇಂಗ್ಲಿಷಿನಲ್ಲಿ ‘ಐ ಆ್ಯಮ್ ವರ್ಕಿಂಗ್’ ಎಂದರೆ ಸಾಲದು. ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್’ ಎನ್ನಬೇಕು. ನಿಮ್ಮ ಅರ್ಜಿಯ ಸಾಲು ಕೊನೆಗೆ ಹೀಗಾಗುತ್ತದೆ: ‘ಆ್ಯಸ್ ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ಟೂ ಡೇಸ್, ಐ ರಿಕ್ವೆಸ್ಟ್ ಲೀವ್ ಫ್ರಮ್ ಟುಮಾರೋ.’

ಇನ್ನು 2019ರ ಪದವಿಯ ಮಾತು. ಆ ಹುಡುಗ ಹೇಳಿದ್ದು ಸರಿ. ‘ನಾನು 2019ರಲ್ಲಿ ಪದವಿ ಮುಗಿಸಿದ್ದೇನೆ’ ಎಂಬ ಕನ್ನಡ ವಾಕ್ಯದಲ್ಲಿ ಎಳ್ಳಷ್ಟೂ ದೋಷವಿಲ್ಲ. ‘ಮುಗಿಸಿದೆ’ ಎಂದರೂ ನಡೆಯುತ್ತದೆ, ‘ಮುಗಿಸಿದ್ದೇನೆ’ ಎಂದರೂ ನಡೆಯುತ್ತದೆ. ಬಯೋಡೇಟಾದಂಥ ಬರಹದಲ್ಲಿ ಎರಡನೆಯದೇ ಹೆಚ್ಚು ಹೊಂದುತ್ತದೆ. ಇಂಗ್ಲಿಷ್ ಈ ಸಡಿಲಿಕೆ ಕೊಡುವುದಿಲ್ಲ. ‘ಹ್ಯಾವ್ ಕಂಪ್ಲೀಟೆಡ್’ ಎಂಬ ರೂಪ ಹಿಂದೆ ಆದದ್ದನ್ನು ಈ ಹೊತ್ತಿಗೆ ಗಂಟು ಹಾಕುತ್ತದೆ. ‘ಇನ್ 2019’, ‘ಲಾಸ್ಟ್ ವೀಕ್’, ‘ಯೆಸ್ಟರ್‌ಡೇ’ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ಆ ಗಂಟು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ವಾಕ್ಯದೊಳಗೆ ‘ಯಾವಾಗ?’ ಎಂಬ ಪ್ರಶ್ನೆಗೆ ಅಂಥ ಉತ್ತರ ಇದ್ದರೆ ‘ಹ್ಯಾವ್’ ತೆಗೆದುಬಿಡಿ: ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019.’ ಇಸವಿಯನ್ನು ಹೇಳದೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ’ ಎಂದಷ್ಟೇ ಬರೆದರೆ ಅದೂ ಸರಿಯೇ.

ಇಷ್ಟು ಓದಿದವರಿಗೆ ಕನ್ನಡವೇ ಅಡ್ಡಿ ಎಂಬ ಭಾವನೆ ಬರಬಹುದು. ಹಾಗೆ ಭಾವಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕನ್ನಡದಲ್ಲಿ ಯೋಚಿಸುವುದನ್ನು ಬಿಡಿ ಎಂದು ಎಷ್ಟೋ ಜನ ಶಿಕ್ಷಕರು ಮಕ್ಕಳಿಗೆ ಹೇಳುತ್ತಾರೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿದ್ದೆ. ಆದರೆ ಕನ್ನಡಕ್ಕೆ ಸರಿಯಾಗಿ ಕಿವಿಗೊಟ್ಟರೆ ಅಳಿಸಿಹೋಗುವ ತಪ್ಪುಗಳೂ ಅಷ್ಟೇ ಇವೆ. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯದ ತರಗತಿಯನ್ನು ನಾನು ಕಂಡಿಲ್ಲ. ಅಂಥ ಮಕ್ಕಳಿಗೆ ಕೊನೆಕೊನೆಗೆ ನಾನು ಕೇಳುತ್ತಿದ್ದದ್ದು ಇಷ್ಟೇ: ‘ಹೋದೆನು’ ಎಂಬುದಕ್ಕೆ ಇಲ್ಲ ಸೇರಿಸಿದರೆ ‘ಹೋದೆನಿಲ್ಲ’ ಎನ್ನುತ್ತೀರಾ? ಯಾರೂ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತಾರೆ. ‘ಇಲ್ಲ’ ಬಂದೊಡನೆ ‘ಹೋದ’ ಎಂಬ ಭೂತಕಾಲದ ರೂಪ ಹಿಂದೆ ಸರಿದು ‘ಹೋಗ’ ಎಂಬ ಮೂಲ ರೂಪ ಬಂದು ನಿಲ್ಲುತ್ತದೆ. ಇಂಗ್ಲಿಷ್ ಮಾಡುವುದೂ ಇದನ್ನೇ; ‘ಡಿಡ್ ನಾಟ್’ ಬಂದೊಡನೆ ‘ವೆಂಟ್’ ಸರಿದು ‘ಗೋ’ ಬರುತ್ತದೆ. ಹಲಗೆಯ ಮೇಲೆ ಈ ಎರಡನ್ನೂ ಅಕ್ಕಪಕ್ಕ ಬರೆದ ದಿನ ಹಿಂದಿನ ಬೆಂಚಿನ ಮಕ್ಕಳ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ‘ಒನ್ ಆಫ್ ಮೈ ಫ್ರೆಂಡ್’ ಎಂಬ ತಪ್ಪೂ ಹೀಗೆಯೇ. ‘ನನ್ನ ಸ್ನೇಹಿತರಲ್ಲಿ ಒಬ್ಬ ಬಂದಿದ್ದಾನೆ’ ಎನ್ನುವಾಗ ಕನ್ನಡ ‘ಸ್ನೇಹಿತರಲ್ಲಿ’ ಎಂದು ಬಹುವಚನವನ್ನೂ ‘ಬಂದಿದ್ದಾನೆ’ ಎಂದು ಏಕವಚನವನ್ನೂ ಎಷ್ಟು ಚೆನ್ನಾಗಿ ಇಟ್ಟಿದೆ ನೋಡಿ. ಅದನ್ನೇ ಅನುಸರಿಸಿದರೆ ‘ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಕಮ್’ ತಾನಾಗಿಯೇ ಬರುತ್ತದೆ.

ಬರಹಕ್ಕಿಂತ ಮಾತಿನಲ್ಲಿ ಅಪಾಯ ತರುವ ಇನ್ನೊಂದನ್ನು ಹೇಳದೆ ಮುಗಿಸಲಾರೆ. ‘ನೀವು ದುಡ್ಡು ಕಟ್ಟಲಿಲ್ಲವೇ?’ ಎಂದು ಕೇಳಿದರೆ ಕಟ್ಟದವನು ಕನ್ನಡದಲ್ಲಿ ‘ಹೌದು, ಕಟ್ಟಲಿಲ್ಲ’ ಎನ್ನುತ್ತಾನೆ. ನಮ್ಮ ‘ಹೌದು’ ಕೇಳಿದವರ ಮಾತಿಗೆ ಒಪ್ಪಿಗೆ. ಇಂಗ್ಲಿಷಿನ ‘ಯೆಸ್’ ನಡೆದ ಸಂಗತಿಗೆ ಒಪ್ಪಿಗೆ. ಕಟ್ಟಿದ್ದರೆ ‘ಯೆಸ್’, ಕಟ್ಟದಿದ್ದರೆ ‘ನೋ’. ಫೋನಿನಲ್ಲಿ ಬರಿಯ ‘ಯೆಸ್’ ಎಂದು ಬಿಟ್ಟರೆ ಅರ್ಥ ತಿರುಗಿಬೀಳುತ್ತದೆ. ಸಂದರ್ಶನಕ್ಕೆ ಹೊರಟವರಿಗೆ ನೀವು ಇದೊಂದನ್ನು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ
ಕರಡು ತಿದ್ದುವವರು, ಬೆಂಗಳೂರು (ಊರು ದಾವಣಗೆರೆ)

ಗುರುಗಳು ವಾಕ್ಯದ ಕಡೆಯದನ್ನು ಹೇಳಿದ್ದಾರೆ. ನಾನು ಸ್ಪೆಲಿಂಗ್ ಕಡೆಯದನ್ನು ಹೇಳುತ್ತೇನೆ. ಆ ಹೆಣ್ಣುಮಗಳ ‘ಡೈರಿ’ಯ ವಿಷಯ ಓದಿ ಬಹಳ ನೋವಾಯಿತು. ನಾವು ಹಾಲು ಹಾಕುವ ಜಾಗಕ್ಕೂ ಡೈರಿ ಎನ್ನುತ್ತೇವೆ, ದಿನಚರಿಯ ಪುಸ್ತಕಕ್ಕೂ ಡೈರಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಹಾಲಿನದು ‘ಡೇರಿ’, ಪುಸ್ತಕದ್ದು ‘ಡೈಅರಿ’. ಹಾಲಿನದರಲ್ಲಿ ‘ಡಿ’ ಆದ ಮೇಲೆ ‘ಎ’ ಮೊದಲು, ‘ಐ’ ಆಮೇಲೆ. ಪುಸ್ತಕದ್ದರಲ್ಲಿ ‘ಐ’ ಮೊದಲು, ‘ಎ’ ಆಮೇಲೆ. ಉಚ್ಚಾರವನ್ನು ಬೇರೆ ಮಾಡಿಕೊಂಡರೆ ಸ್ಪೆಲಿಂಗ್ ಬೇರೆಯಾಗಿ ನಿಲ್ಲುತ್ತದೆ. ಕೆಂಪು ಗೆರೆಯ ಮಿತಿಯನ್ನು ನೀವೇ ಗುರುತಿಸಿದ್ದೀರಿ. ಪದವೇ ಅಲ್ಲದ್ದನ್ನು ಅದು ತಪ್ಪದೆ ಹಿಡಿಯುತ್ತದೆ, ಬೇರೆ ಪದವಾಗಿ ಬಿಟ್ಟದ್ದನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಹಾಗಾಗಿ ‘ಫಾರ್ಮ್’ ಮತ್ತು ‘ಫ್ರಮ್’, ‘ಕ್ವೈಟ್’ ಮತ್ತು ‘ಕ್ವಯಟ್’, ‘ಲೂಸ್’ ಮತ್ತು ‘ಲೂಜ್’, ‘ಅಡ್ವೈಸ್’ ಮತ್ತು ‘ಅಡ್ವೈಜ್’ ಇಂಥ ಜೋಡಿಗಳಿಗೆ ಮನುಷ್ಯರ ಕಣ್ಣೇ ಬೇಕು. ಸಲಹೆ ಎಂಬ ನಾಮಪದ ‘ಸಿ’ ಅಕ್ಷರದ್ದು, ಸಲಹೆ ಕೊಡು ಎಂಬ ಕ್ರಿಯಾಪದ ‘ಎಸ್’ ಅಕ್ಷರದ್ದು. ಬ್ರಿಟಿಷ್ ಬರವಣಿಗೆಯಲ್ಲಿ ‘ಲೈಸೆನ್ಸ್’ ಕೂಡ ಹೀಗೆಯೇ. ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ಅಮೆರಿಕನ್ನರು ಎರಡಕ್ಕೂ ‘ಎಸ್’ ಬರೆಯುತ್ತಾರೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ‘ಸಿ’ ಅಕ್ಷರದಲ್ಲಿದೆ, ಆದ್ದರಿಂದ ನೀವೂ ಅದನ್ನೇ ಬರೆಯಿರಿ.

ಬೋರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ತಪ್ಪುಗಳಿವೆ. ಒಂದು ‘ಟ್ಯೂಷನ್’. ನಮ್ಮ ಬಾಯಲ್ಲಿ ಮಧ್ಯದ ‘ಇ’ ಕರಗಿಹೋಗಿರುವುದರಿಂದ ಬೋರ್ಡಿನಲ್ಲಿಯೂ ‘ಯು’ ಅಕ್ಷರದ ನಂತರ ಬರಬೇಕಾದ ‘ಐ’ ಕಾಣೆಯಾಗುತ್ತದೆ. ‘ಟ್ಯೂಇಷನ್’ ಎಂದು ಮನಸ್ಸಿನಲ್ಲಿ ಬಿಡಿಸಿ ಹೇಳಿಕೊಂಡರೆ ಅದು ಬಿಟ್ಟುಹೋಗುವುದಿಲ್ಲ. ಇನ್ನೊಂದು ‘ಸ್ಟೇಷನರಿ’. ಪೆನ್ನು, ಪುಸ್ತಕದ ಅಂಗಡಿಯದಕ್ಕೆ ಕೊನೆಯಲ್ಲಿ ‘ಇ, ಆರ್, ವೈ’. ಕದಲದೆ ನಿಂತಿರುವುದು ಎಂಬ ಅರ್ಥದ್ದಕ್ಕೆ ‘ಎ, ಆರ್, ವೈ’. ‘ಎನ್ವಲಪ್’ ಎಂಬುದರ ಮೊದಲ ಅಕ್ಷರವನ್ನು ನೆನಪಿಟ್ಟುಕೊಂಡರೆ ಅಂಗಡಿಯದು ಯಾವುದೆಂದು ತಿಳಿಯುತ್ತದೆ. ಈ ಎರಡೂ ಪದಗಳ ಬೇರು ಒಂದೇ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಮಧ್ಯಯುಗದ ಯುರೋಪಿನಲ್ಲಿ ಹೊತ್ತು ಮಾರುವವರೇ ಹೆಚ್ಚಾಗಿದ್ದಾಗ ಒಂದು ಜಾಗದಲ್ಲಿ ನೆಲೆಯಾಗಿ ಅಂಗಡಿ ಇಟ್ಟು ಪುಸ್ತಕ ಮಾರುವವನನ್ನು ‘ಸ್ಟೇಷನರ್’ ಎಂದರು. ಅವನ ಸರಕು ಸ್ಟೇಷನರಿ ಆಯಿತು.

ಕೆಲವು ಪದಗಳಲ್ಲಿ ಕನ್ನಡದ ಅಕ್ಷರವೇ ದಾರಿ ತೋರಿಸುತ್ತದೆ. ‘ಸೆಪರೇಟ್’ ಎಂದು ಕನ್ನಡದಲ್ಲಿ ಬರೆಯುವಾಗ ನಡುವೆ ‘ಪ’ ಇದೆ, ‘ಪೆ’ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲಿಯೂ ‘ಪಿ’ ಆದ ಮೇಲೆ ‘ಎ’ ಬರಬೇಕು. ‘ಮೇಂಟೇನ್’ ಎಂಬುದರಲ್ಲಿ ‘ಟೇ’ ದೀರ್ಘ, ‘ಮೇಂಟೆನೆನ್ಸ್’ ಎಂಬುದರಲ್ಲಿ ‘ಟೆ’ ಹ್ರಸ್ವ. ಹ್ರಸ್ವವಾದಾಗ ‘ಎ, ಐ’ ಜೋಡಿ ಹೋಗಿ ಬರಿಯ ‘ಇ’ ಉಳಿಯುತ್ತದೆ. ‘ಪ್ರೊನೌನ್ಸ್’ ನಾಮಪದವಾದಾಗ ‘ನೌ’ ಹೋಗಿ ‘ನನ್’ ಆಗುತ್ತದೆ: ಪ್ರೊನನ್ಸಿಯೇಷನ್. ಆದರೆ ಉಚ್ಚಾರವನ್ನೇ ನೆಚ್ಚಿ ಕೂರಲೂ ಆಗದು. ‘ರಿಸೀಟ್’ನಲ್ಲಿ ‘ಪಿ’ ಇದೆ, ‘ಡೆಟ್’ ಮತ್ತು ‘ಡೌಟ್’ನಲ್ಲಿ ‘ಬಿ’ ಇದೆ, ಯಾವುದೂ ಬಾಯಿಗೆ ಬರುವುದಿಲ್ಲ. ಫ್ರೆಂಚಿನಿಂದ ಬಂದ ಆ ಪದಗಳಿಗೆ ಲ್ಯಾಟಿನ್ ಮೂಲದ ಗೌರವ ಕೊಡಲು ವಿದ್ವಾಂಸರು ಆಮೇಲೆ ಸೇರಿಸಿದ ಅಕ್ಷರಗಳು ಅವು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಇಟ್ಟ ನಂತರ ಇಂಗ್ಲಿಷಿನ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಇತ್ತು. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯಲ್ಲಿ ಬೆಳೆದ ನಮಗೆ ಇದು ಅನ್ಯಾಯವೆಂದೇ ತೋರುತ್ತದೆ. ಆದರೂ ಇಂಥವನ್ನು ನೆನಪಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ನಮ್ಮ ಊರಿನ ತಿಂಡಿಯ ಬಗ್ಗೆಯೂ ಒಂದು ಮಾತು. ಹೋಟೆಲಿನವರು ಮೆನು ಟೈಪ್ ಮಾಡಿಸಲು ಬಂದರೆ ಬೆಣ್ಣೆ ದೋಸೆಯನ್ನು ‘ಡಿ, ಓ, ಎಸ್, ಇ’ ಎಂದು ಬರೆಸುತ್ತಾರೆ. ಕನ್ನಡದ ‘ದೋಸೆ’ಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿದರೆ ಅದು ತಪ್ಪಲ್ಲ, ಊರಿನವರಿಗೆ ಗೊಂದಲವೂ ಇಲ್ಲ. ಆದರೆ ಕನ್ನಡ ಬಾರದವರು ಅದನ್ನು ಔಷಧಿಯ ‘ಡೋಸ್’ ಎಂದು ಓದುತ್ತಾರೆ. ಇಂಗ್ಲಿಷ್ ನಿಘಂಟುಗಳು ಕೊನೆಯಲ್ಲಿ ‘ಎ’ ಇಟ್ಟು ಬರೆಯುತ್ತವೆ. ಹೊರಗಿನವರು ಓದುವ ಮೆನುವಿಗೆ ‘ಎ’ ಇರಲಿ, ಅಂಗಡಿಯ ಹೆಸರಿನಲ್ಲಿಯೇ ‘ಇ’ ಇದ್ದರೆ ಅದನ್ನು ಮುಟ್ಟಬೇಡಿ. ಊರುಗಳ ಹೆಸರಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. 2014ರ ನವೆಂಬರ್ 1ರಿಂದ ಶಿವಮೊಗ್ಗ, ತುಮಕೂರು, ಬಳ್ಳಾರಿ, ಹೊಸಪೇಟೆ ಸೇರಿದಂತೆ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಗಿದೆ. ‘ಶಿಮೋಗ’, ‘ಹಾಸ್ಪೆಟ್’ ಎಂದು ಈಗಲೂ ಬರೆಯುವುದು ಬೇಡ. ದಾವಣಗೆರೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ‘ಣ’ಕಾರದ ನಂತರ ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಗಿರಾಕಿಯ ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೇಗಿದೆಯೋ ನೋಡಿ ಒಂದೇ ರೀತಿ ಇಡಿ. ನಿಮ್ಮ ಚಿತ್ರದುರ್ಗವೇ ಬ್ರಿಟಿಷರ ಕಾಲದ ಕಾಗದಗಳಲ್ಲಿ ‘ಚಿತಲ್‌ಡ್ರೂಗ್’ ಆಗಿತ್ತಲ್ಲವೇ!

ಉತ್ತರ
ನೇಮಕಾತಿ ವಿಭಾಗದ ನೌಕರ, ಮೂಲ ಜಗಳೂರು

ಹತ್ತು ವರ್ಷಗಳಿಂದ ದಿನಕ್ಕೆ ಹತ್ತಾರು ಬಯೋಡೇಟಾ ಓದುತ್ತಿರುವವನಾಗಿ ಒಂದು ವಿಷಯದಲ್ಲಿ ಎಚ್ಚರಿಕೆ ಹೇಳಬಯಸುತ್ತೇನೆ. ತಿದ್ದುವ ಉತ್ಸಾಹದಲ್ಲಿ ತಪ್ಪಲ್ಲದ್ದನ್ನೂ ತಿದ್ದುವವರು ಬಹಳ ಇದ್ದಾರೆ. ‘ಡೂ ದ ನೀಡ್‌ಫುಲ್’ ವ್ಯಾಕರಣದ ತಪ್ಪಲ್ಲ. ಒಂದು ಕಾಲದಲ್ಲಿ ಬ್ರಿಟನ್ನಿನ ಪತ್ರಗಳಲ್ಲಿ ಚಾಲ್ತಿಯಲ್ಲಿದ್ದ ಮಾತು ಅದು. ಅಲ್ಲಿ ಹಿಂದೆ ಬಿದ್ದಿತು, ನಮ್ಮ ಕಚೇರಿಗಳಲ್ಲಿ ಉಳಿದುಕೊಂಡಿತು. ಊರಿನಲ್ಲಿಲ್ಲ ಎಂಬ ಅರ್ಥದ ‘ಔಟ್ ಆಫ್ ಸ್ಟೇಷನ್’ ಕೂಡ ಬ್ರಿಟಿಷ್ ಅಧಿಕಾರಿಗಳು ತಾವು ನೆಲೆಸಿದ ಠಾಣ್ಯವನ್ನು ‘ಸ್ಟೇಷನ್’ ಎನ್ನುತ್ತಿದ್ದ ಕಾಲದಿಂದ ಬಂದದ್ದು. ನಿಗದಿಗಿಂತ ಮುಂಚಿತವಾಗಿ ಇಟ್ಟುಕೊಳ್ಳುವುದು ಎಂಬ ಅರ್ಥದ ‘ಪ್ರೀಪೋನ್’ ಅನ್ನು ಆಕ್ಸ್‌ಫರ್ಡ್ ನಿಘಂಟೂ ಭಾರತದ ಬಳಕೆ ಎಂದು ಸೇರಿಸಿಕೊಂಡಿದೆ. ನಮ್ಮ ದೇಶದೊಳಗೆ ಓಡಾಡುವ ಪತ್ರದಲ್ಲಿ ಇವುಗಳಿಂದ ಯಾವ ನಷ್ಟವೂ ಇಲ್ಲ.

ಆದರೆ ‘ಡೂ ದ ನೀಡ್‌ಫುಲ್’ ಬಗ್ಗೆ ನನಗಿರುವ ಆಕ್ಷೇಪ ಬೇರೆ. ಏನು ಮಾಡಬೇಕು ಎಂಬುದನ್ನೇ ಅದು ಹೇಳುವುದಿಲ್ಲ. ‘ನನ್ನ ಅಂಕಪಟ್ಟಿಯ ನಕಲನ್ನು ಈ ತಿಂಗಳ ಕೊನೆಯೊಳಗೆ ಕಳುಹಿಸಿ’ ಎಂದು ಬರೆದ ಪತ್ರಕ್ಕೆ ಕೆಲಸ ಬೇಗ ಆಗುತ್ತದೆ. ‘ರಿವರ್ಟ್’ ಎಂಬುದಕ್ಕೂ ಹಾಗೆಯೇ. ಉತ್ತರಿಸಿ ಎಂಬ ಅರ್ಥ ಇಲ್ಲಿನವರಿಗೆ ತಿಳಿಯುತ್ತದೆ, ಹೊರದೇಶದವರಿಗೆ ಹಿಂದಿನ ಸ್ಥಿತಿಗೆ ಮರಳು ಎಂಬ ಅರ್ಥ ಬರಬಹುದು. ‘ರಿಪ್ಲೈ’ ಎಂಬ ನೇರ ಪದ ಇರುವಾಗ ಅದು ಏಕೆ? ‘ಪಾಸ್ಡ್ ಔಟ್ ಇನ್ 2019’ ಎಂಬುದನ್ನಂತೂ ಹೊರಗೆ ಹೋಗುವ ಅರ್ಜಿಯಿಂದ ತೆಗೆದುಹಾಕಿ, ಅಲ್ಲಿ ಅದಕ್ಕೆ ಪ್ರಜ್ಞೆ ತಪ್ಪುವುದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ‘ಗ್ರಾಜುಯೇಟೆಡ್’ ಎಂದರೆ ಸಾಕು. ‘ಕಸಿನ್ ಬ್ರದರ್’ ಎಂದು ಬರೆಸುವವರ ಮನಸ್ಸು ನನಗೆ ಅರ್ಥವಾಗುತ್ತದೆ. ನಮಗೆ ದೊಡ್ಡಪ್ಪನ ಮಗನೂ ಚಿಕ್ಕಮ್ಮನ ಮಗನೂ ಅಣ್ಣತಮ್ಮಂದಿರೇ, ಸೋದರತ್ತೆಯ ಮಗ, ಸೋದರಮಾವನ ಮಗ ಮಾತ್ರ ಬೇರೆ ಸಂಬಂಧ. ಇಂಗ್ಲಿಷಿನ ‘ಕಸಿನ್’ ಇವರನ್ನೆಲ್ಲ ಒಂದೇ ಚೀಲಕ್ಕೆ ಹಾಕುತ್ತದೆ. ಮಾತಿನಲ್ಲಿ ಹೇಗಾದರೂ ಇರಲಿ, ನಮೂನೆಯ ಖಾನೆಯಲ್ಲಿ ‘ಕಸಿನ್’ ಎಂದಷ್ಟೇ ಬರೆಯಿರಿ.

ನಿಜವಾಗಿ ತಿದ್ದಲೇಬೇಕಾದವು ನಾಲ್ಕಾರು ಇವೆ. ‘ಮೈಸೆಲ್ಫ್’ ಎಂದು ಹೆಸರು ಹೇಳುವುದು ಬೇಡ, ‘ಐ ಆ್ಯಮ್’ ಎಂದರೆ ಆಯಿತು. ‘ಡಿಸ್ಕಸ್’ ಎಂಬುದರೊಳಗೇ ‘ಬಗ್ಗೆ’ ಅಡಗಿರುವುದರಿಂದ ‘ಅಬೌಟ್’ ಬೇಡ. ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಎಕ್ವಿಪ್‌ಮೆಂಟ್’ ಇವುಗಳಿಗೆ, ನಾವು ಮಾಹಿತಿಗಳು, ಉಪಕರಣಗಳು ಎನ್ನುವಂತೆ, ಬಹುವಚನದ ‘ಎಸ್’ ಹತ್ತುವುದಿಲ್ಲ. ಪತ್ರದ ಕೊನೆಯ ‘ಯುವರ್ಸ್’ ಪದಕ್ಕೆ ಮೇಲೆ ಕೊಂಬು (ಅಪಾಸ್ಟ್ರಫಿ ಚಿಹ್ನೆ) ಬೇಡವೇ ಬೇಡ. ಆ ಹೆಣ್ಣುಮಗಳ ಸಂದರ್ಶನದಲ್ಲಿ ನಕ್ಕವರು ಯಾರೇ ಆಗಿರಲಿ, ಅವರು ನಡೆದುಕೊಂಡ ರೀತಿ ಸರಿಯಲ್ಲ. ಲೆಕ್ಕದ ಕೆಲಸಕ್ಕೆ ಬಂದವರನ್ನು ಲೆಕ್ಕದಲ್ಲಿ ಪರೀಕ್ಷಿಸಬೇಕು.

ಮರುಪ್ರಶ್ನೆ
ಟೈಪಿಂಗ್ ಅಂಗಡಿಯವರು, ಚಿತ್ರದುರ್ಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಒಂದೇ ದಿನದಲ್ಲಿ ಐದು ಅರ್ಜಿಗಳಲ್ಲಿ ‘ಇಂದ’ವನ್ನು ಹುಡುಕಿ ತಿದ್ದಿದೆ. ಅದರಲ್ಲಿ ಎರಡಕ್ಕೆ ‘ಕಾಲ’ ಕೂಡಿತು, ಮೂರಕ್ಕೆ ಕೂಡಲಿಲ್ಲ. ಗುರುಗಳೇ, ‘ಹೋಗಲಿಲ್ಲ’ದ ಮಾತನ್ನು ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗನಿಗೆ ಹೇಳಿದೆ, ತಕ್ಷಣ ಹಿಡಿದುಕೊಂಡ.

ಇನ್ನೊಂದು ಅನುಮಾನ ಉಳಿದಿದೆ. ‘ಎ’ ಮತ್ತು ‘ಆ್ಯನ್’. ಎ, ಇ, ಐ, ಓ, ಯು ಬಂದರೆ ‘ಆ್ಯನ್’ ಎಂದು ಶಾಲೆಯಲ್ಲಿ ಕಲಿತದ್ದನ್ನೇ ಪಾಲಿಸುತ್ತಾ ಬಂದಿದ್ದೇನೆ. ಆದರೆ ‘ಆ್ಯನ್ ಯೂನಿವರ್ಸಿಟಿ’ ತಪ್ಪು, ‘ಎ ಎಂಎಲ್‌ಎ’ ತಪ್ಪು ಎಂದು ಒಬ್ಬ ವಕೀಲರು ಗುರುತು ಹಾಕಿ ಕೊಟ್ಟರು. ಕನ್ನಡದಲ್ಲಿ ಈ ಜಾಗದಲ್ಲಿ ಏನೂ ಇಲ್ಲದಿರುವುದರಿಂದ ಕಿವಿಯ ಸಹಾಯವೂ ಸಿಗುತ್ತಿಲ್ಲ.

ಉತ್ತರ
ಬಿ.ಇಡಿ. ವಿದ್ಯಾರ್ಥಿನಿ, ಹಿರಿಯೂರು

ಅಣ್ಣ, ಕಿವಿಯ ಸಹಾಯ ಸಿಗದಿದ್ದರೂ ಕನ್ನಡದ ಅಕ್ಷರದ ಸಹಾಯ ಸಿಗುತ್ತದೆ. ಪಾಠಯೋಜನೆ ಬರೆಯುವಾಗ ನನಗೇ ಹೊಳೆದ ಉಪಾಯ ಇದು. ಆ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದು ಮೊದಲ ಅಕ್ಷರ ನೋಡಿ. ಸ್ವರ ಇದ್ದರೆ ‘ಆ್ಯನ್’, ವ್ಯಂಜನ ಇದ್ದರೆ ‘ಎ’. ಇಂಗ್ಲಿಷಿನ ಈ ನಿಯಮ ಬರೆಯುವ ಅಕ್ಷರದ್ದಲ್ಲ, ನುಡಿಯುವ ಧ್ವನಿಯದು. ಕನ್ನಡ ಲಿಪಿ ಧ್ವನಿಯನ್ನೇ ಬರೆಯುತ್ತದೆ.

‘ಯೂನಿವರ್ಸಿಟಿ’ ಎಂದು ಬರೆದಾಗ ಮೊದಲಿಗೆ ಬರುವುದು ‘ಯ’ ಎಂಬ ವ್ಯಂಜನ. ಆದ್ದರಿಂದ ‘ಎ ಯೂನಿವರ್ಸಿಟಿ’. ‘ಯುರೋಪಿಯನ್’, ‘ಯೂನಿಫಾರ್ಮ್’ ಕೂಡ ಹಾಗೆಯೇ. ‘ಅಂಬ್ರೆಲ್ಲಾ’ದಲ್ಲಿಯೂ ಇಂಗ್ಲಿಷಿನ ಮೊದಲ ಅಕ್ಷರ ಅದೇ ‘ಯು’, ಆದರೆ ಕನ್ನಡದಲ್ಲಿ ‘ಅ’ ಬಂತು; ‘ಆ್ಯನ್ ಅಂಬ್ರೆಲ್ಲಾ’. ಗಂಟೆ ಎಂಬ ಅರ್ಥದ ‘ಅವರ್’, ಪ್ರಾಮಾಣಿಕ ಎಂಬ ಅರ್ಥದ ‘ಆನೆಸ್ಟ್’ ಇವು ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರದಿಂದ ಶುರುವಾದರೂ ಕನ್ನಡದಲ್ಲಿ ಬರೆದರೆ ಸ್ವರ ಕಾಣುತ್ತದೆ, ಎರಡಕ್ಕೂ ‘ಆ್ಯನ್’. ಎಂಎಲ್‌ಎ, ಎಂಬಿಎ, ಎಫ್‌ಐಆರ್, ಎಸ್‌ಎಸ್‌ಎಲ್‌ಸಿ ಎಲ್ಲವೂ ‘ಎ’ಕಾರದಿಂದ ಶುರು, ‘ಆ್ಯನ್ ಎಫ್‌ಐಆರ್’, ‘ಆ್ಯನ್ ಎಂಬಿಎ ಗ್ರಾಜುಯೇಟ್’. ಬಿಎ, ಡಿಪ್ಲೊಮಾ, ಪಿಎಚ್‌ಡಿ ವ್ಯಂಜನದವು, ಅವುಗಳಿಗೆ ‘ಎ’. ಅಂಗಡಿಯ ಕೌಂಟರಿನ ಹತ್ತಿರ ಒಂದು ಚೀಟಿ ಇಟ್ಟುಕೊಂಡು ಅನುಮಾನ ಬಂದಾಗಲೆಲ್ಲ ಕನ್ನಡದಲ್ಲಿ ಬರೆದು ನೋಡಿ.

ಉತ್ತರ
ನಿವೃತ್ತ ಪ್ರೌಢಶಾಲಾ ಶಿಕ್ಷಕ, ದಾವಣಗೆರೆ

ತಂಗಿ, ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಇದು ಹೊಳೆದಿರಲಿಲ್ಲ. ಬಹಳ ಸಂತೋಷವಾಯಿತು. ಕೆಲವು ಪದಗಳಲ್ಲಿ ಈ ಉಪಾಯ ಕೈಕೊಡುತ್ತದೆ, ಅಂಥ ಒಂದನ್ನು ಸೇರಿಸುತ್ತೇನೆ. ‘ಒನ್’ ಎಂಬ ಪದವನ್ನು ನಾವು ಕನ್ನಡದಲ್ಲಿ ‘ಒ’ ಎಂಬ ಸ್ವರ ಹಾಕಿ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅದರ ಮೊದಲ ಧ್ವನಿ ‘ವ’ಕಾರದಂಥದ್ದು. ಆದ್ದರಿಂದ ‘ಎ ಒನ್-ಡೇ ವರ್ಕ್‌ಶಾಪ್’, ‘ಎ ಒನ್-ವೇ ರೋಡ್’ ಎಂದೇ ಬರೆಯಬೇಕು. ಇನ್ನೊಂದು ಎಚ್ಚರಿಕೆ: ನಮ್ಮ ಕಡೆ ಮಾತಿನಲ್ಲಿ ‘ಎ’ಕಾರದ ಹಿಂದೆ ‘ಯ’ ಸೇರಿಕೊಂಡು ‘ಯೆಂಎಲ್‌ಎ’, ‘ಯೆಸ್‌ಎಸ್‌ಎಲ್‌ಸಿ’ ಎಂದು ಕೇಳಿಸುತ್ತದೆ. ಬಾಯಿ ಆಡಿದ್ದನ್ನು ಬರೆದರೆ ಲೆಕ್ಕ ತಪ್ಪುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ರೂಪವನ್ನು ಬರೆದು ನೋಡಿ.

ಮರುಮಾತು
ಟೈಪಿಂಗ್ ಅಂಗಡಿಯವರು, ಚಿತ್ರದುರ್ಗ

ಚೀಟಿ ಕೌಂಟರಿಗೆ ಅಂಟಿಸಿ ಆಯಿತು, ‘ಒನ್’ ಪದವನ್ನು ಅದರ ಕೆಳಗೆ ಬೇರೆಯಾಗಿ ಬರೆದಿದ್ದೇನೆ. ಆ ಹೆಣ್ಣುಮಗಳ ಬಯೋಡೇಟಾದ ಫೈಲು ನನ್ನ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಳಿತು ಅದನ್ನು ಮೊದಲಿನಿಂದ ನೋಡಿದೆ. ‘ಡೇರಿ’ಯನ್ನು ಸರಿಪಡಿಸಿದೆ, ‘ಹ್ಯಾವ್ ಕಂಪ್ಲೀಟೆಡ್’ನಿಂದ ‘ಹ್ಯಾವ್’ ತೆಗೆದೆ, ‘ಸಿನ್ಸ್ ತ್ರೀ ಇಯರ್ಸ್’ ಎಂದಿದ್ದುದನ್ನು ‘ಫಾರ್ ತ್ರೀ ಇಯರ್ಸ್’ ಮಾಡಿದೆ. ಬೆಳಿಗ್ಗೆ ಫೋನ್ ಮಾಡಿ ತಿಳಿಸಿದ್ದೇನೆ. ಸೋಮವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ.